ಎರೆಯ ದಾರಿ

ಹೊನ್ನಾಳಿ ಬಳಿಯ ನನ್ನ ತವರಿಗೆ ಹೋದ ವರ್ಷ ಮಳೆಗಾಲದ ಮೊದಲಲ್ಲಿ ಹೋಗಿದ್ದೆ. ಮೊಮ್ಮಗನೂ ಬಂದಿದ್ದ, ಜೊತೆಗೆ ಅವನ ದಪ್ಪ ಟೈರಿನ ಗೇರ್ ಸೈಕಲ್ಲೂ. ಬೆಟ್ಟ ಹತ್ತಿಳಿಯುವ ಸೈಕಲ್ಲಂತೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಹುಡುಗರು ಹಳೇ ಸೈಕಲ್ಲುಗಳನ್ನು ಬೆಟ್ಟದ ಮಣ್ಣುದಾರಿಯಲ್ಲಿ ಓಡಿಸಿ ಓಡಿಸಿ ಹುಟ್ಟಿಸಿದ ಆಟ ಅದು ಎಂದು ಅವನೇ ಹೇಳಿದ.

ರಾತ್ರಿ ಚೆನ್ನಾಗಿ ಮಳೆ ಬಿದ್ದಿತ್ತು. ಬೆಳಿಗ್ಗೆ ಹೊಲದ ದಾರಿ ಹಿಡಿದವನನ್ನು ತಡೆದೆ. "ಇದು ಕೆಸರಿಗೇ ಮಾಡಿದ ಸೈಕಲ್ಲು ಅಜ್ಜಿ" ಎಂದು ನಕ್ಕು ಹೋದ. ಅರ್ಧ ಗಂಟೆಗೆಲ್ಲ ಅದನ್ನು ಹೆಗಲ ಮೇಲೆ ಹೊತ್ತು ವಾಪಸು ಬಂದ. ಚಕ್ರಕ್ಕೆ ಸುತ್ತಿದ ಕರಿಮಣ್ಣು ಕಂಬಿಗಳ ನಡುವೆ ಮೆತ್ತಿಕೊಂಡು, ಚಕ್ರ ಒಂದು ಸುತ್ತೂ ತಿರುಗುತ್ತಿರಲಿಲ್ಲ. ಮನೆಯವರೆಲ್ಲ ನಕ್ಕರು. ನಾನೂ ನನ್ನ ತಂಗಿಯೂ ನಗಲಿಲ್ಲ.

ಎರೆಮಣ್ಣಿನ ಗುಣವೇ ಹಾಗೆ. ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಕುಗ್ಗಿ ಕೈ ಇಳಿಯುವಷ್ಟು ಬಿರಿಯುತ್ತದೆ. ಹಸಿಯಲ್ಲಿ ಒಂದು ಗಾಡಿ ಹೋದರೂ ಸಾಕು, ಆ ಜಾಡು ಒಣಗಿ ಕಲ್ಲಾಗಿ ಮುಂದಿನ ಮಳೆಯವರೆಗೂ ಚಕ್ರಗಳನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಮತ್ತೆ ಮಳೆ ಬಂದಾಗ ನೀರೂ ಅದರಲ್ಲೇ ಹರಿದು ಕೊರಕಲು ಆಳವಾಗುತ್ತದೆ. 1800-01ರಲ್ಲಿ ಬುಕಾನನ್ ಎಂಬ ಇಂಗ್ಲಿಷರ ಕಡೆಯ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಹರಿಹರ ದಾವಣಗೆರೆಗಳಿಗೂ ಬಂದು, ಮಣ್ಣು ಬೆಳೆ ವ್ಯಾಪಾರಗಳ ವಿವರ ಬರೆದುಕೊಂಡ. ಆ ಕಾಲದಲ್ಲಿ ಸರಕು ಹೆಚ್ಚಾಗಿ ಎತ್ತಿನ ಬೆನ್ನ ಮೇಲೆ ಹೇರಿಯೇ ಹೋಗುತ್ತಿತ್ತು. ಎರೆ ಕಂಡವರಿಗೆ ಅದರಲ್ಲಿ ಆಶ್ಚರ್ಯವೇನಿಲ್ಲ, ಎತ್ತಿನ ಕಾಲು ಕಿತ್ತುಬರುತ್ತದೆ, ಚಕ್ರ ಬರುವುದಿಲ್ಲ.

ನನ್ನ ತಂಗಿ ಹೈಸ್ಕೂಲು ಸೇರಿದ್ದು 1979ರಲ್ಲಿ. ಮೂರು ಮೈಲಿ ದಾರಿ, ಅಣ್ಣನ ಹಳೇ ಸೈಕಲ್ಲು. ಅಪ್ಪ ಮಡ್‌ಗಾರ್ಡ್ ಬಿಚ್ಚಿ ಅಟ್ಟದ ಮೇಲೆ ಇಟ್ಟರು, ಮಣ್ಣು ಕಟ್ಟದಿರಲಿ ಎಂದು. ಅದೂ ಸಾಗಲಿಲ್ಲ. ಮೃಗಶಿರೆಯಿಂದ ಸ್ವಾತಿಯವರೆಗೆ ಮಳೆ ಬಿದ್ದ ಮರುದಿನವೆಲ್ಲ ಅವ್ವನದು ಒಂದೇ ಮಾತು: "ಎರಿ ಹಸಿ ಐತಿ, ಇವತ್ತು ಬ್ಯಾಡ." ಹಾಜರಿ ಸಾಲಲಿಲ್ಲ. ಎರಡನೇ ವರ್ಷಕ್ಕೆ ಸೈಕಲ್ಲು ಮತ್ತೆ ಅಣ್ಣನದಾಯಿತು. ಓದಿನಲ್ಲಿ ಅವಳು ನನಗಿಂತ ಚುರುಕಾಗಿದ್ದಳು. ನಾನು ಪೇಟೆಯ ಸೋದರಮಾವನ ಮನೆಯಲ್ಲಿದ್ದು ಓದಿದವಳು, ನನ್ನ ಶಾಲೆಗೆ ಟಾರು ರಸ್ತೆ ಇತ್ತು. ಇದನ್ನು ನಾವಿಬ್ಬರೂ ಯಾವತ್ತೂ ಮಾತಾಡಿಲ್ಲ.

ಜಗಳೂರು ಕಡೆಗೆ ಕೊಟ್ಟ ನನ್ನ ನಾದಿನಿಯ ಮಗಳ ಕಥೆ ಬೇರೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತಲ್ಲ, ಆಗ ಸಿಕ್ಕ ಸೈಕಲ್ಲಿನಲ್ಲೇ ಅವಳು ಹತ್ತನೆಯವರೆಗೂ ಓಡಾಡಿದಳು. ಅವರ ಊರಿನದು ಕೆಂಪು ಗರಸು ನೆಲ. ಬೆಳಿಗ್ಗೆ ಮಳೆ ನಿಂತರೆ ಮಧ್ಯಾಹ್ನಕ್ಕೆ ಗಟ್ಟಿ. ಬೇಸಿಗೆಯಲ್ಲಿ ಮಾತ್ರ ಮೇಲಿನ ಹರಳು ಸಡಿಲಾಗಿ ತಿರುವಿನಲ್ಲಿ ಜಾರಿಸುತ್ತದೆ, ಅವಳ ಮೊಣಕಾಲಿನ ಗಾಯದ ಗುರುತು ಇನ್ನೂ ಇದೆ. ಮಳೆಯೇ ಅಪರೂಪವಾದ ಆ ಸೀಮೆಯಲ್ಲಿ ಬೆಳೆಗೆ ಗೋಳಾಡಿದರು, ದಾರಿಗೆ ಗೋಳಾಡಲಿಲ್ಲ.

ನಾನು ಸೊಸೆಯಾಗಿ ಬಂದದ್ದು ಚನ್ನಗಿರಿಗೆ. ಅಲ್ಲಿ ಕಲಿತದ್ದು ನೆರಳಿನ ಪಾಠ. ಅಡಿಕೆ ತೋಟದ ಅಂಚಿನ ದಾರಿ, ಬಯಲ ದಾರಿ ಒಣಗಿ ವಾರವಾದರೂ ಹಸಿಯಾಗಿಯೇ ಇರುತ್ತದೆ. ಪಾಚಿಯ ಮೇಲೆ ಬಿಂದಿಗೆ ಸಮೇತ ನಾನೇ ಬಿದ್ದಿದ್ದೇನೆ. ಅದೇ ನೆರಳು ಚೈತ್ರದಲ್ಲಿ ದಾರಿಯ ತೇವ ಹಿಡಿದಿಟ್ಟು, ಧೂಳು ಏಳದಂತೆ ನೆಲವನ್ನು ತಣ್ಣಗೆ ಇಟ್ಟಿರುತ್ತದೆ. ನ್ಯಾಮತಿ ಕಡೆಯ ತೀರ್ಥರಾಮೇಶ್ವರದ ಗುಡ್ಡದಲ್ಲೂ ಅಷ್ಟೇ, ಬಿಸಿಲು ಬೀಳುವ ಮಗ್ಗುಲು ಬೇಗ ಒಣಗುತ್ತದೆ, ಮರದಡಿಯದು ನಿಧಾನ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಈ ಸೀಮೆಗಳೆಲ್ಲ ಒಂದೇ ನಕಾಶೆಗೆ ಬಂದವು, ನ್ಯಾಮತಿ ಆಮೇಲೆ ಬೇರೆ ತಾಲ್ಲೂಕೂ ಆಯಿತು. ನೆಲ ಮಾತ್ರ ತನ್ನ ತನ್ನ ಗುಣ ಬಿಡಲಿಲ್ಲ.

ಆ ದಿನ ತಂಗಿ ಜಗುಲಿಯ ಮೇಲೆ ಕೂತು, ಬಿದಿರಿನ ಕಡ್ಡಿಯಿಂದ ಮೊಮ್ಮಗನ ಸೈಕಲ್ಲಿನ ಮಣ್ಣು ಕೆತ್ತಿ ತೆಗೆದಳು. ಎಲ್ಲೆಲ್ಲಿ ಸಿಕ್ಕಿಕೊಂಡಿರುತ್ತದೆ ಎಂದು ನೋಡದೆಯೇ ಅವಳ ಕೈಗೆ ಗೊತ್ತಿತ್ತು.

"ಯಾವಾಗ ಹೋಗಬಹುದು ಚಿಕ್ಕಜ್ಜಿ?" ಎಂದು ಕೇಳಿದ.

"ನಾಕು ದಿನ ಬಿಸಿಲು ಬೀಳ್ಲಿ."

"ಅಷ್ಟು ದಿನ ರಜ ಇಲ್ಲವಲ್ಲ!"

ಅವಳು ಕೆತ್ತುತ್ತಲೇ ಇದ್ದಳು.