ಕೋವಿ ತೊಳೆದ ನೀರು

ನಮ್ಮ ಕೊಡವರ ಆಯುಧದ ಹಬ್ಬ ಕೈಲ್ ಪೊಳ್ದ್ ಎಂದರೆ ಹೊರಗಿನವರಿಗೆ ನೆನಪಾಗುವುದು ಕಡಂಬುಟ್ಟು, ಪಂದಿಕರಿ, ತೆಂಗಿನಕಾಯಿಗೆ ಈಡು ಹೊಡೆಯುವ ಪಂದ್ಯ. ನನಗೆ ನೆನಪಾಗುವುದು ಕೊಳೆತ ಮೊಟ್ಟೆಯ ವಾಸನೆ. ಸೆಪ್ಟೆಂಬರ್ 3ರ ಸಂಜೆ, ಪಂದ್ಯ ಮುಗಿಸಿ ಬಂದ ಅಜ್ಜ ಊಟಕ್ಕೂ ಮೊದಲು ಕೇಪಿನ ಕೋವಿ ಹಿಡಿದು ಬಚ್ಚಲಿಗೆ ನಡೆಯುತ್ತಿದ್ದರು.

ಅಂಟುವಾಳ ಹಾಕಿ ಕುದಿಸಿದ ನೀರನ್ನು ನಳಿಗೆಗೆ ಹೊಯ್ದರೆ ಕೇಪು ಕೂರುವ ತೂತಿನಿಂದ ಮಸಿ ಇಳಿಯುತ್ತಿತ್ತು. ಗಜದ ತುದಿಗೆ ಹಳೆ ಪಂಚೆಯ ಚೂರು ಸುತ್ತಿ ಉಜ್ಜುವುದು, ಮತ್ತೆ ಹೊಯ್ಯುವುದು, ನೀರು ತಿಳಿಯಾಗುವ ತನಕ. ಕೊನೆಯ ನೀರು ಕುದಿಯುತ್ತಲೇ ಇರಬೇಕು. ಕಬ್ಬಿಣ ಆ ಬಿಸಿಗೇ ಒಣಗಬೇಕು. ಎಣ್ಣೆ ಸವರುವುದು ಆಮೇಲೆ.

ಕಬ್ಬಿಣಕ್ಕೆ ನೀರೇ ಎಂದು ನಾನು ಬೆರಗಾಗಿದ್ದೆ. ಕಾರಣ ಆ ಕೋವಿಗೆ ತುಂಬುವ ಮದ್ದಿನಲ್ಲಿತ್ತು. ಕರಿಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಲು ಮತ್ತು ಗಂಧಕ. ಉರಿದ ಮೇಲೂ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಅನಿಲವಾಗದೆ ಉಪ್ಪುಗಳಾಗಿ ಉಳಿಯುತ್ತದೆ. ನಳಿಗೆಗೆ ಅಂಟಿದ ಆ ಉಪ್ಪುಗಳು ನಮ್ಮ ಭಾಗಮಂಡಲದ ಕಡೆಯ ತೇವವನ್ನು ಒಂದೇ ರಾತ್ರಿಯಲ್ಲಿ ಹೀರುತ್ತವೆ. ಅವು ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಮೊಟ್ಟೆಯ ವಾಸನೆಯೂ ಆ ಗಂಧಕದ್ದೇ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದು ಮಾಡಿದ. ಅದರ ಕಿಟ್ಟ ಬೇರೆಯೇ ಜಾತಿ, ಬರೀ ನೀರಿಗೆ ಜಗ್ಗುವುದಿಲ್ಲ. ಆ ಮದ್ದಿನ ತೋಟೆ ಕೋವಿ ಮನೆಗೆ ಬಂದ ಮೇಲೆ ಅಪ್ಪ ಒಂದು ಸೀಸೆಯಲ್ಲಿ ಸೀಮೆಎಣ್ಣೆಗೆ ಇಂಜಿನ್ ಎಣ್ಣೆ ಬೆರೆಸಿ ಇಟ್ಟುಕೊಂಡರು. ಆ ಕೋವಿಗೆ ಅದು ಸರಿಯಾಗಿತ್ತು. ಅಜ್ಜ ತೀರಿಹೋದ ವರ್ಷ ನಾನು ಅದೇ ಸೀಸೆಯಿಂದ ಕೇಪಿನ ಕೋವಿಯನ್ನೂ ಒರೆಸಿಟ್ಟೆ. ಪುತ್ತರಿ ಹಬ್ಬಕ್ಕೆ ತೆಗೆದಾಗ ಹೊರಗೆ ಫಳಫಳ, ಒಳಗೆ ಕೆಂಪು ತುಕ್ಕು. ಆ ಕುಳಿಗಳು ಇವತ್ತಿಗೂ ಹೋಗಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೋವಿ ಇಟ್ಟುಕೊಳ್ಳುವ ನಮ್ಮ ಹಕ್ಕಿಗೆ ದಾಖಲೆಯಿದೆ. 1857ರ ದಂಗೆಯ ಬಳಿಕ ಬ್ರಿಟಿಷರು ದೇಶದ ಆಯುಧಗಳನ್ನೆಲ್ಲ ಕಿತ್ತುಕೊಂಡಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟರು. ಕೊಡವರಿಗೂ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ 10 ವರ್ಷಕ್ಕೆ ವಿಸ್ತರಿಸಿತು. ಹಕ್ಕನ್ನು ಕಾಗದ ಉಳಿಸಿತು, ಸರಿ. ಆದರೆ ಕೋವಿಯನ್ನು ಉಳಿಸಿದ್ದು ಬಚ್ಚಲ ಹಂಡೆ. ಅದನ್ನು ಯಾವ ದಾಖಲೆಯೂ ಬರೆದಿಟ್ಟಿಲ್ಲ.

ಈಗ ಹಬ್ಬದ ಸಂಜೆ ನಾನೇ ಹಂಡೆಗೆ ಸೌದೆ ಒಟ್ಟುತ್ತೇನೆ. ಬೆಳಿಗ್ಗೆ ನಳಿಗೆಯ ಬಾಯಿಗೆ ಸಿಕ್ಕಿಸಿದ್ದ ತೋಕ್ ಪೂವನ್ನು ತೆಗೆದು ಪಕ್ಕಕ್ಕಿಟ್ಟು, ಮೊದಲ ಚೊಂಬು ನೀರು ಹೊಯ್ಯುತ್ತೇನೆ. ಮಗಳು ಮೂಗು ಮುಚ್ಚಿಕೊಂಡೇ ಗಜ ಹಿಡಿಯುತ್ತಾಳೆ.