ಬೆಂಗಳೂರಿನ ವಸಂತದ ಹೂಮರಗಳು: ಹೆಸರು ಮತ್ತು ಜನಪದ ಸ್ವೀಕಾರ

ಬೆಂಗಳೂರಿನ ಉದ್ಯಾನಗಳ ಚರಿತ್ರೆಯು ಬಹುಮಟ್ಟಿಗೆ ಅರಸರ, ಅಧಿಕಾರಿಗಳ ಹಾಗೂ ತೋಟಗಾರಿಕೆ ತಜ್ಞರ ಚರಿತ್ರೆಯಾಗಿಯೇ ದಾಖಲಾಗಿದೆ. 1760ರಲ್ಲಿ ಹೈದರ್ ಅಲಿಯು ಆರಂಭಿಸಿ ಟಿಪ್ಪು ಸುಲ್ತಾನನು ವಿಸ್ತರಿಸಿದ ಲಾಲ್‌ಬಾಗ್, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಈ ಉದ್ಯಾನದಂಥ ನೆಲೆಗಳ ಮೂಲಕ ನಾಡಿಗೆ ಬಂದ ಪರದೇಶದ ಮರಗಳನ್ನು ಜನಸಾಮಾನ್ಯರು ಹೇಗೆ ಬರಮಾಡಿಕೊಂಡರೆಂಬ ಪ್ರಶ್ನೆಗೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಇದನ್ನು ಶೋಧಿಸಲು ಆ ಮರಗಳ ಕನ್ನಡ ಹೆಸರುಗಳೇ ಪ್ರಮುಖ ಆಕರ.

ಬಯಲುಸೀಮೆಯ ವಸಂತವು ಪಂಚಾಂಗದ ಚೈತ್ರಕ್ಕಿಂತ ಮೊದಲೇ ಮರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮುತ್ತುಗ, ಬೂರುಗ, ಹಾಲವಾಣಗಳು ಎಲೆ ಉದುರಿಸಿ ಬರಿಗೊಂಬೆಯಲ್ಲಿ ಕೆಂಪು ಹೂ ತಳೆಯುತ್ತವೆ. ಹಕ್ಕಿಗಳಿಂದ ಪರಾಗಸ್ಪರ್ಶ ಹೊಂದುವ ಈ ಮರಗಳಿಗೆ ಎಲೆಯ ಮರೆಯಿಲ್ಲದಿರುವುದು ಅನುಕೂಲವೇ. ಜನಪದರಿಗೆ ಇವು ಕೇವಲ ನೋಟದ ವಸ್ತುಗಳಾಗಿರಲಿಲ್ಲ. ಮುತ್ತುಗದ ಎಲೆ ಊಟದ ಎಲೆಯಾಯಿತು, ಹೂವು ಓಕುಳಿಯ ಬಣ್ಣವಾಯಿತು, ಕಡ್ಡಿ ಹೋಮದ ಸಮಿತ್ತಾಯಿತು. ಹಾಲವಾಣವು ಮೆಣಸಿನ ಬಳ್ಳಿಗೆ ಆಸರೆಯಾಯಿತು. ಬೂರುಗದ ಅರಳೆ ದಿಂಬಿಗೆ ಸೇರಿತು. ಬೇವಿನ ಹೂವಂತೂ ಯುಗಾದಿಯ ದಿನ ಬೆಲ್ಲದೊಡನೆ ನಾಲಗೆಗೇ ಬರುತ್ತದೆ.

ಈ ಹಿನ್ನೆಲೆಯುಳ್ಳ ನಾಡಿಗೆ 1908ರಲ್ಲಿ ಜರ್ಮನ್ ಉದ್ಯಾನತಜ್ಞ ಜಿ.ಎಚ್. ಕೃಂಬಿಗಲ್ ಬರೋಡದಿಂದ ಬಂದರು. ಒಂದು ಜಾತಿಯ ಮರಗಳ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿಯವು ಅರಳುವಂತೆ ಸಾಲುಮರಗಳನ್ನು ಆಯ್ದು ನೆಡುವ ಕ್ರಮವು ಅವರ ಹೆಸರಿನೊಡನೆ ಸೇರಿಕೊಂಡಿದೆ. ಅವರ ನಂತರ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ ಮೊದಲಾದವರು ಲಾಲ್‌ಬಾಗನ್ನು ಬೆಳೆಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು.

ಹೀಗೆ ಬಂದ ಮರಗಳಲ್ಲಿ ಕೆಲವಕ್ಕೆ ಮಾತ್ರ ಕನ್ನಡದಲ್ಲಿ ನಾಮಕರಣವಾದುದು ಕುತೂಹಲಕರ ಸಂಗತಿ. ಮಡಗಾಸ್ಕರ್ ಮೂಲದ ಗುಲ್‌ಮೊಹರ್ 'ಕತ್ತಿಕಾಯಿ ಮರ'ವಾಯಿತು. ಒಣಗಿ ಗಟ್ಟಿಯಾದ ಅದರ ಉದ್ದನೆಯ ಕಾಯಿಯನ್ನು ಕತ್ತಿಯಾಗಿ ಹಿಡಿದು ಕಾದಾಡುವವರು ಮಕ್ಕಳು. ಆಫ್ರಿಕದಿಂದ ಬಂದ ಸ್ಪಾಥೋಡಿಯ 'ನೀರುಕಾಯಿ ಮರ'ವಾಯಿತು. ಇಲ್ಲಿ 'ಕಾಯಿ' ಎನಿಸಿಕೊಂಡಿರುವುದು ವಾಸ್ತವವಾಗಿ ಮೊಗ್ಗು. ಅದನ್ನು ಹಿಚುಕಿದರೆ ನೀರು ಚಿಮ್ಮುತ್ತದೆ. ಸಸ್ಯಶಾಸ್ತ್ರದ ದೃಷ್ಟಿಯಿಂದ ತಪ್ಪಾದ ಈ ಹೆಸರು ಆಟದ ದೃಷ್ಟಿಯಿಂದ ಸಂಪೂರ್ಣ ಸರಿಯಾದುದು. ಇವೆರಡಕ್ಕೂ ಮಕ್ಕಳೇ ಹೆಸರಿಟ್ಟರೆಂದು ಊಹಿಸಲು ಅವಕಾಶವಿದೆ.

ಇನ್ನೊಂದು ದಾರಿ ದೇವಾಲಯದ್ದು. ದಕ್ಷಿಣ ಅಮೆರಿಕದ ಮರವೊಂದರ ಹೂವಿನ ನಡುವಿನ ದುಂಡು ಭಾಗದಲ್ಲಿ ಲಿಂಗವನ್ನೂ, ಅದರ ಮೇಲೆ ಬಾಗಿದ ಕೇಸರಗಳಲ್ಲಿ ಹೆಡೆಯನ್ನೂ ಕಂಡ ಭಕ್ತರು ಅದನ್ನು 'ನಾಗಲಿಂಗ ಪುಷ್ಪ' ಎಂದರು. ಅದು ಶಿವನ ಪೂಜೆಗೆ ಸಂದಿತು. ಅಮೆರಿಕದಿಂದಲೇ ಬಂದ ಇನ್ನೊಂದು ಮರ 'ದೇವಕಣಗಿಲೆ'ಯಾಗಿ ಗುಡಿಯಂಗಳದಲ್ಲಿ ಬೇರುಬಿಟ್ಟಿತು. ಇವು ಪರದೇಶದವು ಎಂದರೆ ನಂಬದವರೇ ಹೆಚ್ಚು.

ಇದಕ್ಕೆ ಹೋಲಿಸಿದರೆ ಟಬೂಬಿಯ ಮತ್ತು ಜಕರಂಡಗಳ ಸ್ಥಿತಿ ಭಿನ್ನ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ನಗರದ ಬೀದಿಗಳನ್ನು ಗುಲಾಬಿ, ಹಳದಿ, ನೇರಳೆ ಬಣ್ಣಗಳಿಂದ ತುಂಬುವ ಇವು ಇಂದಿಗೂ ಪರಭಾಷೆಯ ಹೆಸರಿನಲ್ಲೇ ಪರಿಚಿತ. ಕಾಲದ ಅಂತರದಿಂದ ಮಾತ್ರ ಇದನ್ನು ವಿವರಿಸಲಾಗದು. ಗುಲ್‌ಮೊಹರ್ ಕೂಡ ಸಸ್ಯವಿಜ್ಞಾನಿಗಳ ಗಮನಕ್ಕೆ ಬಂದುದು 19ನೆಯ ಶತಮಾನದಲ್ಲಿಯೇ. ಟಬೂಬಿಯದ ಹೂವನ್ನು ಮುಡಿಯುವ, ಪೂಜೆಗಿಡುವ, ಆಟಕ್ಕೆ ಬಳಸುವ ರೂಢಿ ಬೆಳೆಯಲಿಲ್ಲ. ಕಣ್ಣಿಗೆ ಒಪ್ಪಿದ ಮರ ಕೈಗೆ ಎಟುಕಲಿಲ್ಲವೆಂದೇ ಹೇಳಬೇಕು.

ಇತ್ತ ಮುತ್ತುಗವು ನಗರದ ಸಾಲುಮರಗಳಲ್ಲಿ ಅಪರೂಪ. ಅದರ ಸಮಿತ್ತು ಈಗ ದಾರ ಕಟ್ಟಿದ ಕಡ್ಡಿಯ ಕಟ್ಟಾಗಿ ಗ್ರಂಧಿಗೆ ಅಂಗಡಿಯಲ್ಲಿ ದೊರೆಯುತ್ತದೆ. ಅದನ್ನು ಕೊಂಡು ಹೋಮಕ್ಕೆ ಹಾಕುವ ಎಷ್ಟೋ ಜನ ಆ ಮರ ಹೂ ಬಿಟ್ಟುದನ್ನು ಕಂಡಿರಲಾರರು.