ಚೆನ್ನಭೈರಾದೇವಿ ಮತ್ತು ಆಕೆಯ ಸಾಳುವ ಮನೆತನ

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಅಂದರೆ 54 ವರ್ಷ, ರಾಜ್ಯವಾಳಿದಳು ಎಂದು ಎಣಿಸಲಾಗಿದೆ. ಭಾರತದ ಅರಸಿಯರಲ್ಲಿ ಇಷ್ಟು ದೀರ್ಘಕಾಲ ಗದ್ದುಗೆಯಲ್ಲಿದ್ದವರು ಸಿಗುವುದು ಕಷ್ಟ. ಪೋರ್ಚುಗೀಸರು ಆಕೆಯನ್ನು ಕರೆದದ್ದು ‘ಮೆಣಸಿನ ರಾಣಿ’ ಎಂದು. ಆಕೆಯ ಹೆಸರಿನೊಂದಿಗೆ ಇಂದಿಗೂ ಅಂಟಿಕೊಂಡಿರುವುದು ಆ ಬಿರುದೇ. ಆದರೆ ಆಕೆ ಪಟ್ಟಕ್ಕೆ ಬಂದದ್ದು ಮೆಣಸಿನಿಂದಲ್ಲ, ಮನೆತನದ ಹಕ್ಕಿನಿಂದ. ಆ ಮನೆತನದ ಕಥೆ ತಿಳಿಯದೆ ರಾಣಿಯ ಬದುಕು ಅರ್ಥವಾಗುವುದಿಲ್ಲ.

ಸಾಳುವರೆಂದು ಹೆಸರಾದ ಈ ಜೈನ ಅರಸರಿಗೆ ಎರಡು ನೆಲೆಗಳಿದ್ದವು. ಒಂದು ಭಟ್ಕಳದ ಪೂರ್ವಕ್ಕೆ, ಘಟ್ಟದ ಬುಡದಲ್ಲಿರುವ ಹಾಡುವಳ್ಳಿ. ಶಾಸನಗಳಲ್ಲಿ ಅದರ ಹೆಸರು ಸಂಗೀತಪುರ. ಇನ್ನೊಂದು ಶರಾವತಿಯ ದಂಡೆಯ ಗೇರುಸೊಪ್ಪೆ, ಶಾಸನಗಳ ಕ್ಷೇಮಪುರ. ಅಲ್ಲಿನ ರಾಜ್ಯಕ್ಕೆ ನಗಿರೆ ಎಂದು ಹೆಸರು. ಎರಡೂ ಶಾಖೆಯವರು ವಿಜಯನಗರದ ಸಾಮಂತರು. ಕಡಲಂಚಿನ ಜಾಲಿ, ಅದರ ಮಗ್ಗುಲ ಭಟ್ಕಳ, ಉತ್ತರಕ್ಕೆ ಹೊನ್ನಾವರ ಮತ್ತು ಕುಮಟಾದ ಸೀಮೆ, ಇವೆಲ್ಲ ಈ ಎರಡು ಮನೆಗಳ ಆಳ್ವಿಕೆಗೆ ಸೇರಿದ್ದವು. ಹಾಡುವಳ್ಳಿ ಶಾಖೆಯ ಸಂಗಿರಾಜ, ಸಾಳುವೇಂದ್ರ, ಇಂದಗರಸ ಇವರ ಹೆಸರುಗಳು 15ನೆಯ ಶತಮಾನದ ಶಾಸನಗಳಲ್ಲಿವೆ. ಅವರು ತಮ್ಮನ್ನು ಸೋಮವಂಶದವರು, ಕಾಶ್ಯಪ ಗೋತ್ರದವರು ಎಂದು ಹೇಳಿಕೊಂಡರು.

ವಂಶ ಇಲ್ಲಿ ತಂದೆಯಿಂದ ಮಗನಿಗೆ ಇಳಿಯುತ್ತಿರಲಿಲ್ಲ. ಕರಾವಳಿಯ ಅಳಿಯಸಂತಾನದ ಕಟ್ಟಿನಂತೆ ಅರಸನ ಅಕ್ಕತಂಗಿಯರ ಮಕ್ಕಳೇ ವಾರಸುದಾರರು. ಹುಂಚದ ಪ್ರಸಿದ್ಧ ಶಾಸನವೊಂದು ವಾದಿ ವಿದ್ಯಾನಂದ ಮುನಿ ಯಾವ ಯಾವ ಅರಸರ ಸಭೆಯಲ್ಲಿ ವಾದ ಗೆದ್ದನೆಂದು ವಿವರವಾಗಿ ಹೇಳುತ್ತದೆ. ಅಲ್ಲಿ ಸಾಳುವ ಕೃಷ್ಣದೇವನ ಪರಿಚಯ ಬರುವುದು ದೇವರಾಯನ ತಂಗಿ ಪದ್ಮಾಂಬೆಯ ಮಗನೆಂದು. ಗುರುತಿಗೆ ಬೇಕಾದದ್ದು ತಾಯಿ ಮತ್ತು ಸೋದರಮಾವ. ಜರ್ಮನಿಯ ಬಹುತೇಕ ಪ್ರಭು ಮನೆತನಗಳಲ್ಲಿ ಅದೇ ಕಾಲದಲ್ಲಿ ಗಂಡುಸಂತಾನವಿಲ್ಲದಿದ್ದರೆ ವಂಶವೇ ಮುಗಿದಂತೆ; ಇಲ್ಲಿ ಮಗಳೊಬ್ಬಳಿದ್ದರೆ ಮನೆ ಉಳಿಯುತ್ತಿತ್ತು. ಹೀಗಾಗಿ ಹೆಣ್ಣು ಗದ್ದುಗೆಯೇರುವುದು ಈ ಸೀಮೆಗೆ ಅಪವಾದವೇನಲ್ಲ. ಚೆನ್ನಭೈರಾದೇವಿಗಿಂತ ಮೊದಲೇ, 1542ರಲ್ಲಿ ಗವರ್ನರ್ ಮಾರ್ತಿಂ ಅಫೊನ್ಸೊ ಡಿ ಸೋಜ ಭಟ್ಕಳವನ್ನು ಸುಟ್ಟು ಸೂರೆಗೈದಾಗ ಪೋರ್ಚುಗೀಸರು ಕಪ್ಪ ಕೇಳಿದ್ದು ‘ಭಟ್ಕಳದ ರಾಣಿ’ಯನ್ನೇ.

ಸೂರೆಗೆ ಗುರಿಯಾಗುವಷ್ಟು ಸಂಪತ್ತು ಈ ಬಂದರಿಗಿತ್ತು. 16ನೆಯ ಶತಮಾನದ ಆರಂಭದಲ್ಲಿ ದುವಾರ್ತೆ ಬಾರ್ಬೋಸಾ ಬರೆದಂತೆ ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಹೋಗುತ್ತಿದ್ದವು. ಹೊರ್ಮುಜ್‌ನಿಂದ ಕುದುರೆಗಳು ಬಂದಿಳಿಯುತ್ತಿದ್ದವು. ನವಾಯತ ವ್ಯಾಪಾರಿಗಳು, ಜೈನ ಸೆಟ್ಟಿಗಳು, ಕೊಂಕಣಿಗರು ಒಂದೇ ಪೇಟೆಯಲ್ಲಿ ವ್ಯವಹರಿಸುತ್ತಿದ್ದರು. ಭಟ್ಕಳದ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಮತ್ತು ಖೇತಪೈ ನಾರಾಯಣ ದೇವಸ್ಥಾನ ಆ ವ್ಯಾಪಾರದ ಹಣದಿಂದ ಎದ್ದ ಕಟ್ಟಡಗಳು.

ಚೆನ್ನಭೈರಾದೇವಿಯ ಕಾಲಕ್ಕೆ ಹಾಡುವಳ್ಳಿ ಮತ್ತು ಗೇರುಸೊಪ್ಪೆ ಒಂದೇ ಕೈಗೆ ಬಂದವು. ಹಾಡುವಳ್ಳಿಯ ಕಡಲದಾರಿ, ಗೇರುಸೊಪ್ಪೆಯ ಹೊಳೆದಾರಿ ಎರಡೂ ಒಬ್ಬರದೇ ಆದದ್ದರಿಂದ ಘಟ್ಟದ ಮೇಲಿನ ಮೆಣಸು ಆಕೆಯ ಸುಂಕಕಟ್ಟೆ ದಾಟದೆ ಹಡಗು ಸೇರುವಂತಿರಲಿಲ್ಲ. ಆಕೆಯ ಬಲವೆಲ್ಲ ಇದರಲ್ಲಿತ್ತು. ಪೋರ್ಚುಗೀಸರೊಂದಿಗೆ ಪದೇ ಪದೇ ಕಾದಾಟ ನಡೆಯಿತು. 1569ರಲ್ಲಿ ವೈಸ್‌ರಾಯ್ ಲೂಯಿಸ್ ಡಿ ಅತಾಯಿಡೆ ಹೊನ್ನಾವರವನ್ನು ಹಿಡಿದು ಕೋಟೆ ಕಟ್ಟಿಸಿದ. 1570ರ ಸುಮಾರಿಗೆ ಬಿಜಾಪುರ, ಅಹ್ಮದ್‌ನಗರ, ಕಲ್ಲಿಕೋಟೆಗಳು ಒಟ್ಟಾಗಿ ಪೋರ್ಚುಗೀಸರ ಮೇಲೆ ಬಿದ್ದಾಗ ರಾಣಿಯೂ ಹೊನ್ನಾವರದ ಕಡೆ ಕೈಜೋಡಿಸಿದಳು. ಕೋಟೆ ಕೈಗೆ ಸಿಗಲಿಲ್ಲ. ಆದರೆ ವ್ಯಾಪಾರದಲ್ಲಿ ಸೋತವಳು ಆಕೆಯಲ್ಲ. 1580ರ ದಶಕದಲ್ಲಿ ಗೋವೆಯಲ್ಲಿದ್ದ ಡಚ್ಚನಾದ ಲಿನ್ಸ್‌ಕೋಟನ್ ಬರೆಯುತ್ತಾನೆ: ಈ ರಾಣಿಯ ನಾಡಿನಲ್ಲಿ ವರ್ಷಕ್ಕೆ ಏಳೆಂಟು ಸಾವಿರ ಕ್ವಿಂಟಾಲ್ (ಪೋರ್ಚುಗೀಸ್ ತೂಕದ) ಮೆಣಸು ಸಿಗುತ್ತದೆ, ಇಡೀ ಇಂಡಿಯಾದಲ್ಲೇ ಅದು ಉತ್ತಮವಾದದ್ದು, ಹಣವನ್ನು ಮಾತ್ರ ಆರು ತಿಂಗಳು ಮೊದಲೇ ಆಕೆಗೆ ಕೊಡಬೇಕು. ಕೋಟೆ ಕಟ್ಟಿಕೊಂಡು ಕುಳಿತವರಿಂದಲೂ ಮುಂಗಡ ಪಡೆದ ಅರಸಿ ಆಕೆ.

ಅಘನಾಶಿನಿಯ ದಡದ ಮಿರ್ಜಾನ ಕೋಟೆಯನ್ನು ಜನ ಆಕೆಯ ಹೆಸರಿಗೇ ಸೇರಿಸುತ್ತಾರೆ. ಆಕೆಯ ಆಳ್ವಿಕೆಯ ಕೊನೆಯ ಭಾಗದಲ್ಲಿ, 1604ರಲ್ಲಿ, ಹಾಡುವಳ್ಳಿ ಮಠದ ಭಟ್ಟಾಕಳಂಕದೇವ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದ. ಸಂಸ್ಕೃತದ 592 ಸೂತ್ರಗಳಲ್ಲಿ ಕನ್ನಡದ ವ್ಯಾಕರಣವನ್ನು ಹೇಳಿದ ಗ್ರಂಥ ಅದು. ಮೆಣಸಿನ ಲೆಕ್ಕಕ್ಕಿಂತ ಹೆಚ್ಚು ಕಾಲ ಬಾಳಿದ ಕೊಡುಗೆ ಇದೇ.

ಅಪಾಯ ಬಂದದ್ದು ಕಡಲಿಂದಲ್ಲ, ಘಟ್ಟದ ಮೇಲಿನಿಂದ. 1565ರ ಯುದ್ಧದಲ್ಲಿ ಸೋತ ನಂತರ ವಿಜಯನಗರದ ಆಸರೆ ಸಡಿಲವಾಯಿತು. ಇಕ್ಕೇರಿಯಲ್ಲಿದ್ದ ಕೆಳದಿಯ ವೆಂಕಟಪ್ಪ ನಾಯಕನಿಗೆ ಕಡಲಿಗೆ ದಾರಿ ಬೇಕಿತ್ತು. ಬಿಳಗಿಯ ಅರಸರೂ ಅವನೊಡನೆ ಸೇರಿದರು. 1606ರ ಹೊತ್ತಿಗೆ ಗೇರುಸೊಪ್ಪೆ ಬಿದ್ದಿತು. ರಾಣಿ ಇಕ್ಕೇರಿಯಲ್ಲಿ ಸೆರೆಯಾಗಿ ಅಲ್ಲೇ ತೀರಿಕೊಂಡಳೆಂಬುದು ಪರಂಪರೆಯ ಮಾತು.

1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು ಇಕ್ಕೇರಿಗೆ ಹೋದ. ಅರಮನೆ ಹಾಳುಬಿದ್ದು ಊರ ತುಂಬ ಮರ ಬೆಳೆದಿದ್ದನ್ನು ಕಂಡ. ರಾಣಿ ಕೀಳು ಅಂತಸ್ತಿನ ಪರಕೀಯನೊಬ್ಬನನ್ನು ಮೋಹಿಸಿ ರಾಜ್ಯ ಕಳೆದುಕೊಂಡಳೆಂಬ ಕಥೆಯನ್ನೂ ಬರೆದ. ಈ ಕಥೆಯನ್ನು ನಂಬಲು ಕಾರಣವಿಲ್ಲ. ಆತ ಅದನ್ನು ಕೇಳಿದ್ದು ರಾಣಿ ಸೋತು ಹದಿನೇಳು ವರ್ಷವಾದ ಮೇಲೆ, ಗೆದ್ದವನ ಆಸ್ಥಾನಕ್ಕೆ ಹೊರಟ ಪೋರ್ಚುಗೀಸ್ ರಾಯಭಾರಿಯ ಪರಿವಾರದಲ್ಲಿದ್ದುಕೊಂಡು. ಐವತ್ತು ವರ್ಷ ಸುಂಕ, ಸಂಧಿ, ಯುದ್ಧ ಎಲ್ಲವನ್ನೂ ನಿಭಾಯಿಸಿದ ಅರಸಿಯ ಸೋಲಿಗೆ ಇಕ್ಕೇರಿಯ ಸೈನ್ಯಬಲವೇ ಸಾಕಾದ ಕಾರಣ.

ಚೆನ್ನಭೈರಾದೇವಿಯೊಂದಿಗೆ ಸಾಳುವರ ಆಳ್ವಿಕೆ ಕೊನೆಗೊಂಡಿತು. ಗೇರುಸೊಪ್ಪೆಯ ಹಳೆಯ ಪಟ್ಟಣ ಈಗ ನಗರಬಸ್ತಿಕೇರಿ. ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಅಲ್ಲಿ ನಿಂತಿದೆ. ಹಾಡುವಳ್ಳಿಯಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಬಸದಿ ಇದೆ. ಜೋಗಕ್ಕೆ ಹೋಗುವವರು, ಭಟ್ಕಳದಲ್ಲಿ ಇಳಿಯುವವರು ಈ ಎರಡು ಊರುಗಳಿಗೂ ಹೋಗಿ ಬರಬೇಕು.